ಮೂಲಿಕೆ ನುಂಗುವ ಮೊದಲು ತಟ್ಟೆ ನೋಡಿ

ಗಿಡಮೂಲಿಕೆ ಬೇಡವೆನ್ನುವವಳಲ್ಲ ನಾನು. ಗದಗಿನ ಕಡೆ ಹುಟ್ಟಿ, ನೆಗಡಿಗೆ ತುಳಸಿ, ಹೊಟ್ಟೆನೋವಿಗೆ ಅಜವಾನ, ಬಾಣಂತಿಗೆ ಅಳವಿ ಎಂಬುದನ್ನು ಕಂಡು ಬೆಳೆದವಳು. ಸೊಸೆಯಾಗಿ ನಾಗಪುರದ ಹತ್ತಿರದ ಕೋರಾಡಿಗೆ ಬಂದ ಮೇಲೆ ಆಸ್ಪತ್ರೆಯೊಂದರ ಔಷಧ ವಿಭಾಗದಲ್ಲಿ ಮಾತ್ರೆ ಎಣಿಸಿ ಕೊಡುತ್ತ ನಿವೃತ್ತಿಯಾದವಳು. ಹಾಗಾಗಿ ಅಜ್ಜಿಯ ಮದ್ದಿನ ಮಾತೂ ಗೊತ್ತು, ಡಾಕ್ಟರರ ಚೀಟಿಯ ಮಾತೂ ಗೊತ್ತು. ಇಲ್ಲಿನ ವಿದ್ಯುತ್ ಸ್ಥಾವರಕ್ಕೆ ಕೆಲಸಕ್ಕೆಂದು ಬರುವ ನಮ್ಮ ಕಡೆಯ ಹುಡುಗರು, ನಾಗಪುರದಲ್ಲಿ ಓದುವ ಹುಡುಗಿಯರು ಹಬ್ಬಹರಿದಿನಕ್ಕೆ ಮನೆಗೆ ಬಂದಾಗ ಊಟ ಮುಗಿಸಿ ಬ್ಯಾಗಿನಿಂದ ಡಬ್ಬಿಗಳನ್ನು ತೆಗೆದು ಮುಂದಿಡುತ್ತಾರೆ. ಅರಿಶಿನದ ಕ್ಯಾಪ್ಸೂಲು, ತ್ರಿಫಲೆ, ಅಶ್ವಗಂಧ, ರಾತ್ರಿಗೆ ಇಸಬ್‌ಗೋಲು. ‘ಕಾಕೂ, ಇದು ಒಳ್ಳೇದಾ? ಎಷ್ಟು ದಿನ ತಗೋಬೇಕು?’ ಎಂದು ಕೇಳುತ್ತಾರೆ. ಅದು ಹೊಟ್ಟೆಗೆ ಹೋದ ಮೇಲೆ ಏನಾಗುತ್ತದೆ ಎಂದು ಕೇಳುವವರು ಕಡಿಮೆ. ನಾನು ಹೇಳಬೇಕಾದದ್ದೆಲ್ಲ ಆ ಕೇಳದೆ ಬಿಟ್ಟ ಪ್ರಶ್ನೆಯಲ್ಲೇ ಇದೆ.

ನುಂಗಿದ್ದೆಲ್ಲ ರಕ್ತಕ್ಕೆ ಸೇರುವುದಿಲ್ಲ, ಮಕ್ಕಳೇ. ಗಿಡಗಳಿಗೆ ಬಣ್ಣ, ಒಗರು, ಕಹಿ ಕೊಡುವ ಪಾಲಿಫೀನಾಲ್ ಎಂಬ ವಸ್ತುಗಳಲ್ಲಿ ಸಣ್ಣ ಕರುಳು ಹೀರಿಕೊಳ್ಳುವುದು ನೂರಕ್ಕೆ ಐದರಿಂದ ಹತ್ತು ಪಾಲು ಮಾತ್ರ. ಮಿಕ್ಕದ್ದು ಹಾಗೇ ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿ ಬ್ಯಾಕ್ಟೀರಿಯಾಗಳ ದೊಡ್ಡ ವಸತಿಯೇ ಇದೆ. ಒಬ್ಬ ಮನುಷ್ಯನ ಮೈಯಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳಿವೆ ಎಂದು 2016ರಲ್ಲಿ ಲೆಕ್ಕ ಹಾಕಿದರು, ಅವುಗಳಲ್ಲಿ ಬಹುಪಾಲು ಇರುವುದು ದೊಡ್ಡ ಕರುಳಿನಲ್ಲೇ. ನೀವು ತೆಗೆದುಕೊಂಡ ಮೂಲಿಕೆಯನ್ನು ಮದ್ದಾಗಿಸುವುದೋ ನಿಷ್ಪ್ರಯೋಜಕ ಮಾಡುವುದೋ ಎಷ್ಟೋ ಸಲ ಇವುಗಳ ಕೈಯಲ್ಲಿರುತ್ತದೆ. ಇವುಗಳ ಹೊಟ್ಟೆ ತುಂಬುವುದು ನಾವು ಜೀರ್ಣಿಸಿಕೊಳ್ಳಲಾಗದ ನಾರಿನಿಂದ.

ಸೋನಾಮುಖಿಯ ಉದಾಹರಣೆ ತೆಗೆದುಕೊಳ್ಳಿ. ನಮ್ಮಲ್ಲಿ ನೆಲಾವರಿಕೆ ಎನ್ನುತ್ತಾರೆ. ಮಲಬದ್ಧತೆಗೆಂದು ಮಾರುವ ಚೂರ್ಣಗಳಲ್ಲಿ ಬಹಳಷ್ಟು ಇದರ ಎಲೆಯವೇ. ರಾತ್ರಿ ತೆಗೆದುಕೊಂಡರೆ ಬೆಳಿಗ್ಗೆ ಕೆಲಸ ಮಾಡುತ್ತದೆ, ಎಂಟು-ಹತ್ತು ಗಂಟೆ ಬೇಕು. ಯಾಕಿಷ್ಟು ಹೊತ್ತು? ಎಲೆಯಲ್ಲಿರುವ ಸೆನ್ನೊಸೈಡ್ ತಾನಾಗಿ ಏನನ್ನೂ ಮಾಡಲಾರದು. ಅದರ ಅಣುವಿಗೆ ಸಕ್ಕರೆಯ ಭಾಗ ಅಂಟಿಕೊಂಡಿರುತ್ತದೆ. ಅದನ್ನು ಬಿಡಿಸುವ ಶಕ್ತಿ ನಮ್ಮ ಜಠರಕ್ಕೂ ಇಲ್ಲ, ಸಣ್ಣ ಕರುಳಿಗೂ ಇಲ್ಲ. ದೊಡ್ಡ ಕರುಳಿಗೆ ಬಂದ ಮೇಲೆ ಬ್ಯಾಕ್ಟೀರಿಯಾಗಳು ಅದನ್ನು ಕತ್ತರಿಸಿ ರೀನ್ ಆಂಥ್ರೋನ್ ಎಂಬ ವಸ್ತುವನ್ನಾಗಿ ಮಾಡುತ್ತವೆ. ಕರುಳನ್ನು ಕೆರಳಿಸಿ ಭೇದಿ ಮಾಡಿಸುವುದು ಇದು. ಬ್ಯಾಕ್ಟೀರಿಯಾ ಇಲ್ಲದಂತೆ ಪ್ರಯೋಗಾಲಯದಲ್ಲಿ ಬೆಳೆಸಿದ ಇಲಿಗಳಿಗೆ ಸೆನ್ನೊಸೈಡ್ ಕೊಟ್ಟಾಗ ಭೇದಿಯೇ ಆಗಲಿಲ್ಲ. ಮನುಷ್ಯನ ಕರುಳಿನ ತಕ್ಕ ಬ್ಯಾಕ್ಟೀರಿಯಾ ಬಿಟ್ಟ ಮೇಲೆ ಆಯಿತು. ಆಂಟಿಬಯಾಟಿಕ್ ಕೋರ್ಸು ಮುಗಿಸಿದ ವಾರದಲ್ಲಿ ‘ನನ್ನ ಚೂರ್ಣ ಈಗ ಹಿಡಿಯುತ್ತಿಲ್ಲ’ ಎನ್ನುವವರು ಚಮಚ ಹೆಚ್ಚಿಸುವ ಮುನ್ನ ಇದನ್ನು ನೆನಪಿಟ್ಟುಕೊಳ್ಳಲಿ.

ಗಂಟಲು ಕೆರೆತಕ್ಕೆ ಬಾಯಲ್ಲಿಟ್ಟು ಚೀಪುವ ಜ್ಯೇಷ್ಠಮಧುವಿನ ಕಥೆಯೂ ಇದೇ. ಅದರ ಸಿಹಿ ಅಂಶ ಗ್ಲಿಸಿರೈಜಿನ್ ಹಾಗೇ ಹೀರಲ್ಪಡುವುದು ತೀರಾ ಕಡಿಮೆ. ಕರುಳಿನ ಬ್ಯಾಕ್ಟೀರಿಯಾ ಒಡೆದು ಕೊಟ್ಟ ತುಂಡು ರಕ್ತಕ್ಕೆ ಸೇರುತ್ತದೆ. ಹೆಚ್ಚು ದಿನ, ಹೆಚ್ಚು ಪ್ರಮಾಣದಲ್ಲಿ ತಿಂದವರಲ್ಲಿ ಬಿ.ಪಿ. ಏರಿಸಿ, ಪೊಟ್ಯಾಷಿಯಂ ಇಳಿಸುವುದೂ ಆ ತುಂಡೇ. ಬಿ.ಪಿ. ಇರುವವರು ಚೂರು ಬೇರನ್ನು ಅಪರೂಪಕ್ಕೆ ಚೀಪುವುದು ಬೇರೆ, ಅದರ ಪುಡಿಯನ್ನು ದಿನವೂ ಹಾಲಿಗೆ ಹಾಕಿ ಕುಡಿಯುವುದು ಬೇರೆ.

ತ್ರಿಫಲೆಯ ವಿಷಯಕ್ಕೆ ಬಂದರೆ ಅಳಲೆ, ತಾರೆ, ನೆಲ್ಲಿ ಮೂರರಲ್ಲೂ ಒಗರಿನ ಟ್ಯಾನಿನ್ ತುಂಬಿಕೊಂಡಿದೆ. ದಾಳಿಂಬೆಯಲ್ಲೂ ಅದೇ ಜಾತಿಯದು ಉಂಟು. ಈ ದೊಡ್ಡ ಅಣುಗಳನ್ನು ಕರುಳಿನ ಬ್ಯಾಕ್ಟೀರಿಯಾಗಳು ಹಂತಹಂತವಾಗಿ ಒಡೆದು ಯೂರೊಲಿಥಿನ್ ಎಂಬ ಚಿಕ್ಕ ಅಣುಗಳನ್ನಾಗಿ ಮಾಡಿದರೆ ಮಾತ್ರ ಅವು ಮೈಗೆ ಸೇರುತ್ತವೆ. ಸ್ಪೇನ್ ದೇಶದ ವಿಜ್ಞಾನಿಗಳು ಜನರನ್ನು ಪರೀಕ್ಷಿಸಿ ಮೂರು ಗುಂಪು ಮಾಡಿದ್ದಾರೆ: ಒಂದು ಬಗೆಯ ಯೂರೊಲಿಥಿನ್ ಮಾಡುವವರು, ಇನ್ನೊಂದು ಬಗೆಯದನ್ನು ಮಾಡುವವರು, ಏನನ್ನೂ ಮಾಡದವರು. ಸೋಯಾದ ಡೈಡ್ಜಿನ್ ಎಂಬ ವಸ್ತುವೂ ಹೀಗೇ. ಅದನ್ನು ಈಕ್ವಾಲ್ ಎಂಬ ಹೆಚ್ಚು ಬಲದ ವಸ್ತುವಾಗಿ ಮಾರ್ಪಡಿಸುವ ಬ್ಯಾಕ್ಟೀರಿಯಾ ಎಲ್ಲರ ಹೊಟ್ಟೆಯಲ್ಲಿಲ್ಲ. ‘ಪಕ್ಕದ ಮನೆಯವರಿಗೆ ಹಿಡಿಯಿತು, ನನಗೆ ಹಿಡಿಯಲಿಲ್ಲ’ ಎಂದರೆ ಅದು ಹಣೆಬರಹವೂ ಅಲ್ಲ, ನಂಬಿಕೆಯ ಕೊರತೆಯೂ ಅಲ್ಲ. ಒಂದೇ ಓಣಿಯಲ್ಲಿದ್ದರೂ ಹೊಟ್ಟೆಯೊಳಗಿನ ವಸತಿ ಬೇರೆಬೇರೆ.

ಇದರಲ್ಲಿ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಡಿಗಾಕ್ಸಿನ್ ಎಂಬ ಹೃದಯದ ಮಾತ್ರೆ. ಡಿಜಿಟಾಲಿಸ್ ಎಂಬ ಗಿಡದ ಎಲೆಯಿಂದ ಬಂದದ್ದು ಅದು, ಆದ್ದರಿಂದ ಅದನ್ನೂ ಗಿಡಮೂಲಿಕೆ ಎನ್ನಲಡ್ಡಿಯಿಲ್ಲ. ಮಾತ್ರೆಯಲ್ಲಿರುವುದು ಕಾಲು ಮಿಲಿಗ್ರಾಂ. ಅದರಲ್ಲಿ ಕೊಂಚ ಹೆಚ್ಚಾದರೂ ಹೃದಯದ ಲಯ ತಪ್ಪುತ್ತದೆ, ಕೊಂಚ ಕಡಿಮೆಯಾದರೂ ಉಪಯೋಗವಿಲ್ಲ. ಅಷ್ಟು ಸೂಕ್ಷ್ಮದ ಮದ್ದು ಕೆಲವರಿಗೆ ಎಷ್ಟು ಕೊಟ್ಟರೂ ಸಾಲುತ್ತಿರಲಿಲ್ಲ. 1981ರಲ್ಲಿ ಅಮೆರಿಕದ ವೈದ್ಯರು ಕಾರಣ ಕಂಡುಹಿಡಿದರು: ಸುಮಾರು ಹತ್ತರಲ್ಲಿ ಒಬ್ಬ ರೋಗಿಯ ಕರುಳಿನಲ್ಲಿ ಬ್ಯಾಕ್ಟೀರಿಯಾಗಳು ಡಿಗಾಕ್ಸಿನ್ನನ್ನು ದೊಡ್ಡ ಪ್ರಮಾಣದಲ್ಲಿ ನಿಷ್ಕ್ರಿಯ ಮಾಡಿಬಿಡುತ್ತಿದ್ದವು. ಅಂಥವರಿಗೆ ಬೇರೆ ಯಾವುದಕ್ಕೋ ಆಂಟಿಬಯಾಟಿಕ್ ಕೊಟ್ಟಾಗ ಬ್ಯಾಕ್ಟೀರಿಯಾ ಸತ್ತು, ಅದೇ ಮಾತ್ರೆಯಿಂದ ರಕ್ತದಲ್ಲಿ ಡಿಗಾಕ್ಸಿನ್ ಏರಿಬಿಡುತ್ತಿತ್ತು. ಆಮೇಲೆ ನ್ಯೂಯಾರ್ಕಿನವರನ್ನೂ ದಕ್ಷಿಣ ಭಾರತದವರನ್ನೂ ಹೋಲಿಸಿ ನೋಡಿದ ಅಧ್ಯಯನವೊಂದು 1989ರಲ್ಲಿ ಪ್ರಕಟವಾಯಿತು. ನ್ಯೂಯಾರ್ಕಿನಲ್ಲಿ ಮೂವರಲ್ಲಿ ಒಬ್ಬರಷ್ಟು ಜನರ ಕರುಳಿಗೆ ಡಿಗಾಕ್ಸಿನ್ ಕೆಡಿಸುವ ಗುಣವಿದ್ದರೆ, ನಮ್ಮ ದಕ್ಷಿಣದವರಲ್ಲಿ ಅದು ಬಹಳ ಕಡಿಮೆ, ಹಳ್ಳಿಯವರಲ್ಲಿ ಇನ್ನೂ ಕಡಿಮೆ. 2013ರ ಹೊತ್ತಿಗೆ ಆ ಬ್ಯಾಕ್ಟೀರಿಯಾದ ಯಾವ ಜೀನು ಈ ಕೆಲಸ ಮಾಡುತ್ತದೆ ಎಂಬುದೂ ತಿಳಿಯಿತು. ಬ್ಯಾಕ್ಟೀರಿಯಾದ ಹೆಸರು ಎಗರ್ಥೆಲ್ಲಾ ಲೆಂಟಾ. ಆಶ್ಚರ್ಯವೆಂದರೆ, ಆ ಬ್ಯಾಕ್ಟೀರಿಯಾ ಇದ್ದ ಇಲಿಗಳಿಗೆ ಪ್ರೋಟೀನು ಹೆಚ್ಚಿರುವ ಊಟ ಕೊಟ್ಟಾಗ ಅದು ಡಿಗಾಕ್ಸಿನ್ನಿನ ಗೊಡವೆಗೆ ಹೋಗುವುದನ್ನು ಕಡಿಮೆ ಮಾಡಿತು. ಮಾತ್ರೆ ಅದೇ, ಬ್ಯಾಕ್ಟೀರಿಯಾ ಅದೇ, ತಟ್ಟೆ ಬದಲಾದದ್ದಕ್ಕೆ ರಕ್ತದಲ್ಲಿನ ಮದ್ದಿನ ಮಟ್ಟ ಬದಲಾಯಿತು. ಔಷಧ ವಿಭಾಗದಲ್ಲಿ ಕೂತಿದ್ದವಳಿಗೆ ಈ ಒಂದು ಸಂಗತಿ ಸಾಕಾಯಿತು. ಅಲ್ಲಿಂದ ಮುಂದೆ ‘ಏನು ಊಟ ಮಾಡುತ್ತೀರಿ?’ ಎಂದು ಕೇಳದೆ ಯಾರ ಕೈಗೂ ಔಷಧ ಕೊಟ್ಟಿಲ್ಲ.

ಇನ್ನು ನಿಮ್ಮ ಅರಿಶಿನದ ಕ್ಯಾಪ್ಸೂಲು. ಡಬ್ಬಿಯ ಮೇಲೆ ‘ಎರಡು ಸಾವಿರ ಪರ್ಸೆಂಟ್ ಹೆಚ್ಚು ಹೀರಿಕೆ’ ಎಂದು ಬರೆದಿರುತ್ತದಲ್ಲ, ಆ ಅಂಕಿ ಎಲ್ಲಿಂದ ಬಂತು ಗೊತ್ತೇ? ನಮ್ಮ ಬೆಂಗಳೂರಿನಿಂದಲೇ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ ಪ್ರಕಟಿಸಿದ ಅಧ್ಯಯನವದು. ಆರೋಗ್ಯವಂತರಿಗೆ ಎರಡು ಗ್ರಾಂ ಕರ್ಕ್ಯುಮಿನ್ ಕೊಟ್ಟರು. ರಕ್ತದಲ್ಲಿ ಕಾಣಿಸಿದ್ದು ಇಲ್ಲವೆನ್ನುವಷ್ಟು ಕಡಿಮೆ. ಅದರ ಜೊತೆ 20 ಮಿಲಿಗ್ರಾಂ ಪೈಪರಿನ್, ಅಂದರೆ ಕರಿಮೆಣಸಿನ ಖಾರದ ಅಂಶ ಸೇರಿಸಿ ಕೊಟ್ಟಾಗ ಮೈಗೆ ದಕ್ಕಿದ್ದು ಎರಡು ಸಾವಿರ ಪರ್ಸೆಂಟ್ ಹೆಚ್ಚಾಯಿತು. ನಮ್ಮವರ ಒಳ್ಳೆಯ ಕೆಲಸ, ಹೆಮ್ಮೆಪಡಬೇಕು. ಆದರೆ ಇದನ್ನು ಎರಡು ಕಡೆಯಿಂದ ಓದಬೇಕು. ಮೊದಲನೆಯದು, ಇಲ್ಲವೆನ್ನುವಷ್ಟು ಇದ್ದದ್ದು ಇಪ್ಪತ್ತು ಪಟ್ಟಾದರೂ ಅದು ಸಣ್ಣ ಮೊತ್ತವೇ. ಅರಿಶಿನದಲ್ಲಿ ಕರ್ಕ್ಯುಮಿನ್ ಇರುವುದು ನೂರಕ್ಕೆ ಮೂರರ ಆಸುಪಾಸು. ಎರಡು ಗ್ರಾಂ ಕರ್ಕ್ಯುಮಿನ್ ಎಂದರೆ ಅರವತ್ತು ಗ್ರಾಮಿಗೂ ಹೆಚ್ಚು ಅರಿಶಿನ. ಸಾರಿಗೆ ಹಾಕುವ ಚಿಟಿಕೆಗೂ ಆ ಪ್ರಯೋಗಕ್ಕೂ ಹೋಲಿಕೆಯಿಲ್ಲ.

ಎರಡನೆಯದು ಹೆಚ್ಚು ಮುಖ್ಯ. ಪೈಪರಿನ್ ಅರಿಶಿನವನ್ನು ಹೇಗೆ ಒಳಗೆ ಬಿಡುತ್ತದೆ? ಕರುಳಿನ ಗೋಡೆಯೂ ಲಿವರೂ ಚೆಕ್‌ಪೋಸ್ಟಿನ ಹಾಗೆ. ಒಳಗೆ ಬರುವ ಹೊರಗಿನ ವಸ್ತುವಿಗೆ ಒಂದು ಗುರುತು ಅಂಟಿಸಿ, ನೀರಿನಲ್ಲಿ ಕರಗುವಂತೆ ಮಾಡಿ ಹೊರಗಟ್ಟುತ್ತವೆ. ಪೈಪರಿನ್ ಆ ಕಾವಲನ್ನು ಸ್ವಲ್ಪ ಹೊತ್ತು ನಿಧಾನ ಮಾಡುತ್ತದೆ. ಆಗ ಅರಿಶಿನವೊಂದೇ ನುಗ್ಗುವುದಿಲ್ಲ. ನೀವು ಅದೇ ಹೊತ್ತಿಗೆ ನುಂಗಿದ ಬೇರೆ ಮಾತ್ರೆಯೂ ಹೆಚ್ಚಾಗಿ ನುಗ್ಗಬಹುದು. ಫಿಟ್ಸಿಗೆ ಕೊಡುವ ಫೆನಿಟಾಯಿನ್, ಬಿ.ಪಿ.ಗೆ ಕೊಡುವ ಪ್ರೊಪ್ರನೊಲಾಲ್, ದಮ್ಮಿಗೆ ಕೊಡುವ ಥಿಯೊಫಿಲಿನ್ ಇವುಗಳ ಮಟ್ಟ ಪೈಪರಿನ್ನಿನಿಂದ ಏರಿದ್ದು ಮನುಷ್ಯರಲ್ಲೇ ಕಂಡಿದೆ. ಈ ಗುಣವನ್ನೇ ಒಳ್ಳೆಯದಕ್ಕೆ ಬಳಸಿ, ಕ್ಷಯರೋಗದ ರಿಫಾಂಪಿಸಿನ್ ಮದ್ದನ್ನು 450 ಮಿಲಿಗ್ರಾಂ ಬದಲು 200ಕ್ಕೆ ಇಳಿಸಿ, ಪೈಪರಿನ್ ಸೇರಿಸಿದ ಕ್ಯಾಪ್ಸೂಲನ್ನು ಜಮ್ಮುವಿನ ಸರ್ಕಾರಿ ಪ್ರಯೋಗಾಲಯದ ನೆರವಿನಿಂದ ನಮ್ಮ ದೇಶದಲ್ಲೇ ತಯಾರಿಸಿದರು. ಬಲ್ಲವರು ಲೆಕ್ಕ ಹಾಕಿ ಮಾಡಿದ್ದು ಅದು. ನೀವು ಆನ್‌ಲೈನಿನಲ್ಲಿ ತರಿಸಿ ಬಿ.ಪಿ. ಮಾತ್ರೆಯ ಜೊತೆಗೆ ನುಂಗುವುದಕ್ಕೆ ಯಾರೂ ಲೆಕ್ಕ ಹಾಕಿಲ್ಲ. ಅಮೆರಿಕದಲ್ಲಿ ಔಷಧಗಳಿಂದ ಲಿವರ್ ಕೆಟ್ಟವರನ್ನು ಹಿಂಬಾಲಿಸಿ ನೋಡುವ ವೈದ್ಯರ ಜಾಲ 2022ರಲ್ಲಿ ವರದಿ ಮಾಡಿದ ಹತ್ತು ಪ್ರಕರಣಗಳಿಗೆ ಕಾರಣ ಅರಿಶಿನದ ಗುಳಿಗೆಗಳು. ಅವುಗಳಲ್ಲಿ ಕೆಲವು ಮೆಣಸಿನ ಅಂಶ ಸೇರಿಸಿದವು. ಹತ್ತು ಜನ ಬಹಳವಲ್ಲ, ನಿಜ. ಆದರೆ ಮನೆಯ ಒಗ್ಗರಣೆಯ ಅರಿಶಿನ ತಿಂದವರು ಆ ಪಟ್ಟಿಯಲ್ಲಿ ಇರಲಿಲ್ಲ. ಹೆಚ್ಚು ಹೀರಿದಷ್ಟೂ ಒಳ್ಳೆಯದು ಎಂಬ ಮಾತು ಡಬ್ಬಿ ಮಾರುವವರದು. ಮೈ ಏನನ್ನಾದರೂ ಹೊರಗೆ ತಳ್ಳುತ್ತಿದ್ದರೆ ಅದಕ್ಕೊಂದು ಕಾರಣವೂ ಇರುತ್ತದೆ.

ಹೀರಲ್ಪಡದೆ ಕೆಳಗಿಳಿದ ಅರಿಶಿನವೆಲ್ಲ ವ್ಯರ್ಥವೆಂದೂ ತಿಳಿಯಬೇಡಿ. ಕರುಳಿನ ಎಶೆರಿಕಿಯಾ ಕೋಲೈ ಬ್ಯಾಕ್ಟೀರಿಯಾದಲ್ಲಿ ಕರ್ಕ್ಯುಮಿನ್ನನ್ನು ಬೇರೆ ರೂಪಕ್ಕೆ ತಿರುಗಿಸುವ ಕಿಣ್ವವನ್ನು ಜಪಾನಿನವರು 2011ರಲ್ಲಿ ಗುರುತಿಸಿದ್ದಾರೆ. ಕೆಳಗಿಳಿದದ್ದಕ್ಕೂ ಅಲ್ಲಿ ಗಿರಾಕಿಗಳಿದ್ದಾರೆ ಎಂದಾಯಿತು.

ಈಗ ನಾರಿನ ಮಾತು. ನಾರಿನಲ್ಲಿ ಎರಡು ಗುಣ ಇವೆ, ಒಂದನ್ನು ಕಂಡವರು ಇನ್ನೊಂದನ್ನು ಮರೆಯುತ್ತಾರೆ.

ಮೊದಲ ಗುಣ, ಹಿಡಿದಿಟ್ಟುಕೊಳ್ಳುವುದು. ಇಸಬ್‌ಗೋಲನ್ನು ನೀರಿಗೆ ಹಾಕಿ ಲೋಟವನ್ನು ಐದು ನಿಮಿಷ ಬಿಟ್ಟು ನೋಡಿ, ಚಮಚ ನಿಲ್ಲುವಷ್ಟು ಲೋಳೆಯಾಗಿರುತ್ತದೆ. ಹೊಟ್ಟೆಯಲ್ಲೂ ಹಾಗೇ ಆಗುತ್ತದೆ, ಮತ್ತು ಆ ಲೋಳೆಯೊಳಗೆ ಸಿಕ್ಕ ಮಾತ್ರೆ, ಕಷಾಯ, ಚೂರ್ಣ ಎಲ್ಲವೂ ನಿಧಾನವಾಗಿ, ಕೆಲವೊಮ್ಮೆ ಕಡಿಮೆಯಾಗಿ ಹೀರಲ್ಪಡುತ್ತವೆ. ಇಸಬ್‌ಗೋಲಿಗೂ ಬೇರೆ ಮದ್ದಿಗೂ ನಡುವೆ ಎರಡು ಗಂಟೆಯಾದರೂ ಬಿಡಿ. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವ ಹೆಣ್ಣುಮಕ್ಕಳು ಇದನ್ನು ಕಟ್ಟುನಿಟ್ಟಾಗಿ ಪಾಲಿಸಿ: ಮಾತ್ರೆ ಬೆಳಿಗ್ಗೆ ಖಾಲಿ ಹೊಟ್ಟೆಗೆ ಬರೀ ನೀರಿನ ಜೊತೆ, ಇಸಬ್‌ಗೋಲು ರಾತ್ರಿಗೆ. ಇಸಬ್‌ಗೋಲನ್ನು ಎಂದೂ ಒಣದಾಗಿ ಬಾಯಿಗೆ ಹಾಕಿಕೊಳ್ಳಬೇಡಿ, ಗಂಟಲಲ್ಲಿ ಉಬ್ಬಿ ಉಸಿರು ಕಟ್ಟುತ್ತದೆ. ತುಂಬಿದ ಒಂದು ಲೋಟ ನೀರು ಬೇಕೇಬೇಕು.

ಮೆಂತ್ಯದಲ್ಲೂ ಇಂಥದೇ ಲೋಳೆನಾರು ತುಂಬಿದೆ. ಊಟದ ಸಕ್ಕರೆ ರಕ್ತಕ್ಕೆ ಏರುವುದನ್ನು ಅದು ತಡೆದು ನಿಧಾನ ಮಾಡುತ್ತದೆ. ಸಕ್ಕರೆ ಕಾಯಿಲೆಯವರಿಗೆ ಅದು ಅನುಕೂಲವೇ. ಆದರೆ ಮಾತ್ರೆಯೂ ನಡೆಯುತ್ತಿದ್ದು, ಮೆಂತ್ಯದ ಪುಡಿಯನ್ನೂ ಒಮ್ಮೆಲೇ ಚಮಚಗಟ್ಟಲೆ ಶುರು ಮಾಡಿದರೆ ಸಕ್ಕರೆ ಬೇಕಾದ್ದಕ್ಕಿಂತ ಕೆಳಗಿಳಿಯಬಹುದು. ಡಾಕ್ಟರರಿಗೆ ಹೇಳಿ ಶುರು ಮಾಡಿ. ಕಬ್ಬಿಣದ ಮಾತ್ರೆ ತೆಗೆದುಕೊಳ್ಳುವವರು ತ್ರಿಫಲೆ, ಚಹಾ ಎರಡನ್ನೂ ಅದರಿಂದ ದೂರ ಇಡಿ, ಒಗರಿನ ಟ್ಯಾನಿನ್ ಕಬ್ಬಿಣವನ್ನು ಕಟ್ಟಿಹಾಕುತ್ತದೆ. ರಾಗಿ, ಜೋಳ, ಕಾಳುಗಳಲ್ಲಿರುವ ಫೈಟೇಟ್ ಕೂಡ ಕಬ್ಬಿಣವನ್ನು ಹಿಡಿದಿಡುತ್ತದೆ. ಇದಕ್ಕೆ ನಮ್ಮ ಊಟದಲ್ಲೇ ದಾರಿಯಿದೆ. ಧಾನ್ಯ, ಬೇಳೆಗಳಿಗೆ ಈರುಳ್ಳಿ, ಬೆಳ್ಳುಳ್ಳಿ ಸೇರಿಸಿದಾಗ ಅವುಗಳಲ್ಲಿನ ಕಬ್ಬಿಣ, ಸತು ಹೆಚ್ಚು ಬಿಡುಗಡೆಯಾಗುವುದನ್ನು ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿ.ಎಫ್.ಟಿ.ಆರ್.ಐ.ಯ ವಿಜ್ಞಾನಿಗಳು 2010ರಲ್ಲಿ ತೋರಿಸಿದರು. ಪರೀಕ್ಷಾನಾಳಿಕೆಯ ಪ್ರಯೋಗವದು, ಆದರೂ ಜೋಳದ ರೊಟ್ಟಿಯ ಪಕ್ಕದಲ್ಲಿ ಹಸಿ ಈರುಳ್ಳಿ ಜಜ್ಜಿ ಇಡುವ ನಮ್ಮ ರೂಢಿಗೂ ಇಲ್ಲಿನ ವಿದರ್ಭದವರ ರೂಢಿಗೂ ಅದು ಒಳ್ಳೆಯ ಬೆಂಬಲ.

ಎರಡನೆಯ ಗುಣ, ಸಾಕುವುದು. ನಾರು ನಮಗೆ ಜೀರ್ಣವಾಗುವುದಿಲ್ಲ, ಬ್ಯಾಕ್ಟೀರಿಯಾಗಳಿಗೆ ಜೀರ್ಣವಾಗುತ್ತದೆ. ಅವು ನಾರು ತಿಂದು ಬ್ಯುಟಿರೇಟ್ ಎಂಬ ಚಿಕ್ಕ ಕೊಬ್ಬಿನ ಆಮ್ಲವನ್ನು ಬಿಡುತ್ತವೆ, ದೊಡ್ಡ ಕರುಳಿನ ಒಳಪೊರೆಯ ಜೀವಕೋಶಗಳಿಗೆ ಮುಖ್ಯ ಆಹಾರ ಇದೇ. ಆ ಪೊರೆ ಗಟ್ಟಿಯಿದ್ದರೆ ಒಳಗೆ ಬಿಡಬೇಕಾದ್ದನ್ನು ಬಿಟ್ಟು, ತಡೆಯಬೇಕಾದ್ದನ್ನು ತಡೆಯುತ್ತದೆ. ನಾರು ಸಿಗದಿದ್ದರೆ? 2016ರಲ್ಲಿ ಮಹೇಶ್ ದೇಸಾಯಿ ಮತ್ತು ಜೊತೆಗಾರರು ಪ್ರಕಟಿಸಿದ ಪ್ರಯೋಗ ಇದಕ್ಕೆ ಉತ್ತರ ಕೊಟ್ಟಿತು. ಬ್ಯಾಕ್ಟೀರಿಯಾ ಇಲ್ಲದ ಇಲಿಗಳ ಕರುಳಿಗೆ ಮನುಷ್ಯರಲ್ಲಿರುವ 14 ಬಗೆಯ ಬ್ಯಾಕ್ಟೀರಿಯಾಗಳನ್ನು ಬಿಟ್ಟು, ಊಟದಿಂದ ನಾರನ್ನು ತೆಗೆದುಬಿಟ್ಟರು. ಹಸಿದ ಬ್ಯಾಕ್ಟೀರಿಯಾಗಳು ಕರುಳಿನ ಗೋಡೆಯನ್ನು ಕಾಯುವ ಲೋಳೆಯ ಪದರವನ್ನೇ ತಿನ್ನತೊಡಗಿದವು. ಗೋಡೆ ತೆಳುವಾಗಿ ಸೋಂಕು ಸುಲಭವಾಗಿ ಒಳನುಗ್ಗಿತು. ಬಿಳಿ ಬ್ರೆಡ್ಡು, ಬಿಸ್ಕೀಟು, ನೂಡಲ್ಸಿನ ಮೇಲೆ ದಿನ ತಳ್ಳಿ, ಹೊಟ್ಟೆ ಸರಿಯಿಲ್ಲವೆಂದು ಮೂಲಿಕೆ ಹುಡುಕುವವರು ಈ ಪ್ರಯೋಗವನ್ನು ಮನಸ್ಸಿಗೆ ತಂದುಕೊಳ್ಳಲಿ.

ನಾರೂ ಮೂಲಿಕೆಯೂ ಒಂದೇ ಕಾಳಿನಲ್ಲಿ ಕೂಡಿ ಬರುವುದನ್ನು ನೋಡಬೇಕೆಂದರೆ ಅಗಸೆಯನ್ನು ನೋಡಿ. ನಮ್ಮ ಕಡೆ ಅಗಸಿ, ಇಲ್ಲಿ ಜವಸ. ನಮ್ಮ ಅಗಸಿ ಹಿಂಡಿಯೂ ಇವರ ಜವಸದ ಚಟ್ನಿಯೂ ಅಕ್ಕತಂಗಿಯರು. ಅಗಸೆಯಲ್ಲಿ ಲಿಗ್ನಾನ್ ಎಂಬ ವಸ್ತು ಬೇರೆ ಯಾವ ಕಾಳಿಗಿಂತಲೂ ಹೇರಳ. ಅದನ್ನು ಎಂಟರೊಡಯಾಲ್, ಎಂಟರೊಲ್ಯಾಕ್ಟೋನ್ ಎಂಬ ಉಪಯುಕ್ತ ರೂಪಕ್ಕೆ ತರುವುದು ಕರುಳಿನ ಬ್ಯಾಕ್ಟೀರಿಯಾಗಳೇ, ಒಂದರ ನಂತರ ಒಂದರಂತೆ ಹಲವು ಜಾತಿಗಳು ಕೂಡಿ. ಫಿನ್‌ಲೆಂಡಿನಲ್ಲಿ ಸಾವಿರಾರು ಜನರ ರಕ್ತ ನೋಡಿದಾಗ, ಹಿಂದಿನ ತಿಂಗಳುಗಳಲ್ಲಿ ಆಂಟಿಬಯಾಟಿಕ್ ತೆಗೆದುಕೊಂಡವರಲ್ಲಿ ಎಂಟರೊಲ್ಯಾಕ್ಟೋನ್ ಕಡಿಮೆ ಕಂಡಿತು.

ಆದರೆ ಇಡೀ ಅಗಸೆ ಕಾಳನ್ನು ನುಂಗಿದರೆ ಅದು ಹೋದ ಹಾಗೇ ಹೊರಗೆ ಬರುತ್ತದೆ, ಸಿಪ್ಪೆ ಅಷ್ಟು ನುಣುಪು. ಕುಟ್ಟಿದರೆ, ಪುಡಿ ಮಾಡಿದರೆ ಬ್ಯಾಕ್ಟೀರಿಯಾಗಳಿಗೆ ಕೈಗೆಟುಕುತ್ತದೆ, ರಕ್ತದಲ್ಲಿ ಕಾಣುವ ಎಂಟರೊಲಿಗ್ನಾನ್ ಏರುತ್ತದೆ. ನಾವು ಹಿಂಡಿ ಮಾಡುವ ರೀತಿಯನ್ನು ಹೇಳುತ್ತೇನೆ, ಕೇಳಿ. ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಗೆ ಅಗಸೆ ಹಾಕಿ ಕೈಯಾಡಿಸುತ್ತಿರಿ. ಮೊದಲು ಏನೂ ಆಗುವುದಿಲ್ಲ. ಆಮೇಲೆ ಒಂದೊಂದೇ ಕಾಳು ಚಟಪಟ ಎಂದು ಸಿಡಿಯುತ್ತದೆ, ಕಾಳಿನ ಬಣ್ಣ ಕೊಂಚ ಗಾಢವಾಗುತ್ತದೆ, ಎಣ್ಣೆಕಾಳಿನ ಪರಿಮಳ ಬರುತ್ತದೆ. ಅಷ್ಟಕ್ಕೇ ಇಳಿಸಿ, ಹೊಗೆ ಬರುವವರೆಗೆ ಬಿಟ್ಟರೆ ಕಹಿಯಾಗುತ್ತದೆ. ಆರಿದ ಮೇಲೆ ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು ಹಾಕಿ ಕುಟ್ಟಿ. ಕುಟ್ಟುವಾಗ ಒನಕೆಯ ತುದಿಗೆ ಎಣ್ಣೆಯ ಜಿಡ್ಡು ಹತ್ತಬೇಕು, ಆಗ ಸಿಪ್ಪೆ ಒಡೆದಿದೆ ಎಂದರ್ಥ. ಮಿಕ್ಸಿಯಾದರೂ ನಡೆಯುತ್ತದೆ, ತಡೆತಡೆದು ತಿರುಗಿಸಿ. ವಾರಕ್ಕಾಗುವಷ್ಟೇ ಮಾಡಿ ಬಿಗಿ ಡಬ್ಬಿಯಲ್ಲಿಡಿ, ಹೆಚ್ಚು ದಿನ ಇಟ್ಟರೆ ಎಣ್ಣೆ ಕಮಟುತ್ತದೆ. ರೊಟ್ಟಿಗೆ ಒಂದು ಚಮಚ ಹಿಂಡಿ, ಮೇಲೆ ಮೊಸರು. ಇದಕ್ಕಿಂತ ಚೆನ್ನಾಗಿ ಹೊಂದಿಸಿದ ಕ್ಯಾಪ್ಸೂಲು ನನ್ನ ಕೈಗೆ ಇನ್ನೂ ಬಂದಿಲ್ಲ.

ಕೋರಾಡಿಯಲ್ಲಿ ಇದ್ದುಕೊಂಡು ನಾರು ಸಿಗುವುದಿಲ್ಲ ಎನ್ನಬೇಡಿ. ಜೋಳದಲ್ಲಿ ನೂರು ಗ್ರಾಮಿಗೆ ಸುಮಾರು 10 ಗ್ರಾಂ ನಾರಿದೆ, ನಮ್ಮ ರಾಗಿಯಲ್ಲಿ 11, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಮೂರು ಗ್ರಾಮೂ ಇಲ್ಲ. ದೊಡ್ಡವರಿಗೆ ದಿನಕ್ಕೆ 25 ಗ್ರಾಮಾದರೂ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇಲ್ಲಿನ ಮೆಸ್ಸಿನಲ್ಲಿ ಜೋಳದ ಭಾಕರಿ ಕೇಳಿದರೆ ಮಾಡಿಕೊಡುತ್ತಾರೆ, ಅಂಬಾಡಿ ಎಂದು ಮಾರುವುದು ನಮ್ಮ ಪುಂಡಿಪಲ್ಯವೇ. ಕಿತ್ತಳೆಯ ಊರಿನಲ್ಲಿದ್ದು ಕಿತ್ತಳೆಯನ್ನು ರಸ ಮಾಡಿ ಸೋಸಿ ಕುಡಿಯುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ತೊಳೆಯ ಪೊರೆಯೊಡನೆ ತಿನ್ನಿ. ನವರಾತ್ರಿಗೆ ಜಗದಂಬೆಯ ಗುಡಿಗೆ ಜನ ಹರಿದು ಬರುವ ದಿನಗಳಲ್ಲಿ ನೀವೂ ಉಪವಾಸ ಹಿಡಿಯುತ್ತೀರಿ, ಹಿಡಿಯಿರಿ. ಆದರೆ ಒಂಬತ್ತೂ ದಿನ ಸಾಬೂದಾನಿ ಒಂದನ್ನೇ ನಂಬಬೇಡಿ, ಅದರಲ್ಲಿ ನಾರು ಇಲ್ಲವೆಂದೇ ಹೇಳಬೇಕು. ರಾಜಗಿರಿ, ಸಿಹಿಗೆಣಸು, ಹಣ್ಣು ಉಪವಾಸಕ್ಕೆ ಸಲ್ಲುತ್ತವಲ್ಲ. ನಾರನ್ನು ಒಮ್ಮೆಲೇ ಹೆಚ್ಚಿಸಿದರೆ ಹೊಟ್ಟೆ ಉಬ್ಬರಿಸಿ, ಗ್ಯಾಸಾಗಿ, ಮೂರನೇ ದಿನಕ್ಕೆ ಕೈಬಿಡುತ್ತೀರಿ. ಎರಡು-ಮೂರು ವಾರದಲ್ಲಿ ನಿಧಾನವಾಗಿ ಏರಿಸಿ, ನೀರೂ ಹೆಚ್ಚು ಕುಡಿಯಿರಿ. ನೈಟ್ ಶಿಫ್ಟಿನ ಹುಡುಗರು ಬಾಯ್ಲರಿನ ಬಿಸಿಯಲ್ಲಿ ಬೆವರಿ ನೀರು ಕುಡಿಯದೆ ಇಸಬ್‌ಗೋಲು ತಿಂದರೆ ಮಲಬದ್ಧತೆ ಕಡಿಮೆಯಾಗುವ ಬದಲು ಹೆಚ್ಚಾಗುತ್ತದೆ.

ಇಲ್ಲಿಯವರಿಗೇ ಹೇಳಬೇಕಾದ ಮಾತೊಂದಿದೆ. ಕೋರಾಡಿಯ ಸುತ್ತ ಬೂದಿಕೊಳಗಳಿವೆ, 2022ರ ಜುಲೈನ ಮಳೆಯಲ್ಲಿ ಖಸಾಳಾದ ಬೂದಿಕೊಳದ ಒಡ್ಡು ಒಡೆದದ್ದು ನಿಮಗೂ ನೆನಪಿರಬೇಕು. ಕಲ್ಲಿದ್ದಲ ಬೂದಿಯಲ್ಲಿ ಸೀಸ, ಆರ್ಸೆನಿಕ್‌ನಂಥ ಲೋಹಗಳಿರುತ್ತವೆ, ಗಿಡ ಅವನ್ನು ಮಣ್ಣಿನಿಂದ ಎಳೆದುಕೊಳ್ಳಬಲ್ಲದು. ಪುಕ್ಕಟೆ ಸಿಗುತ್ತದೆಂದು ಕೊಳದ ಅಂಚಿನ, ನಾಲೆಯ ಪಕ್ಕದ ಗುಳವೇಲ್ ಬಳ್ಳಿ ಕಿತ್ತು ತಂದು ಕಷಾಯ ಕುದಿಸಬೇಡಿ. ಗುಳವೇಲ್ ಎಂದರೆ ನಮ್ಮ ಅಮೃತಬಳ್ಳಿ. ಕೋವಿಡ್ ಕಾಲದಲ್ಲಿ ಅದನ್ನು ಮನಸ್ಸಿಗೆ ಬಂದಷ್ಟು ಕುಡಿದು ಲಿವರ್ ಕೆಟ್ಟ ಆರು ಜನರ ವಿವರವನ್ನು ಮುಂಬೈನ ವೈದ್ಯರು 2021ರಲ್ಲಿ ಪ್ರಕಟಿಸಿದರು. ಅದನ್ನೇ ಹೋಲುವ ಬೇರೆ ಬಳ್ಳಿಯಿರಬಹುದು ಎಂದು ಆಯುಷ್ ಸಚಿವಾಲಯ ಹೇಳಿತು. ಯಾರ ಮಾತು ಸರಿಯಾದರೂ ನಮ್ಮ ಪಾಠ ಒಂದೇ: ಗುರುತು ಗೊತ್ತಿಲ್ಲದ ಬಳ್ಳಿ, ಅಳತೆ ಇಲ್ಲದ ಕಷಾಯ ಬೇಡ. ಕಹಿ ಏಪ್ರಿಕಾಟ್ ಬೀಜ ಕ್ಯಾನ್ಸರಿಗೆ ಮದ್ದು ಎಂದು ಮೊಬೈಲಿನಲ್ಲಿ ಬರುತ್ತದಲ್ಲ, ಅದನ್ನು ಮುಟ್ಟಲೇಬೇಡಿ. ಅದರಲ್ಲಿರುವ ಅಮಿಗ್ಡಲಿನ್ ಎಂಬ ವಸ್ತುವನ್ನು ಕರುಳಿನ ಬ್ಯಾಕ್ಟೀರಿಯಾಗಳು ಒಡೆದಾಗ ಹೊರಬರುವುದು ಸಯನೈಡ್.

ಹಾಗಾದರೆ ಏನು ಮಾಡಬೇಕು ಎಂದು ಕೇಳುತ್ತೀರಿ. ಮೂಲಿಕೆ ಶುರು ಮಾಡುವ ಮೊದಲು ಒಂದು ತಿಂಗಳು ಊಟ ಸರಿಮಾಡಿಕೊಳ್ಳಿ: ಭಾಕರಿಯೋ ರಾಗಿಯೋ, ಬೇಳೆ, ಸೊಪ್ಪು, ಮಜ್ಜಿಗೆ, ಇಡ್ಲಿ-ದೋಸೆಯ ಹುಳಿಹಿಟ್ಟು. ನೀವು ಮೂಲಿಕೆಯಿಂದ ನಿರೀಕ್ಷಿಸಿದ್ದರಲ್ಲಿ ಅರ್ಧದಷ್ಟು ಇಷ್ಟರಿಂದಲೇ ಆಗಿಬಿಡುವುದನ್ನು ನಾನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ. ಆಮೇಲೂ ಬೇಕೆನಿಸಿದರೆ ಒಂದೇ ಮೂಲಿಕೆ, ಒಂದೇ ಹೊತ್ತು, ಒಂದೇ ಅಳತೆ. ನಾಲ್ಕನ್ನು ಒಟ್ಟಿಗೆ ಶುರು ಮಾಡಿದರೆ ಹಿಡಿದದ್ದು ಯಾವುದು, ತೊಂದರೆ ಕೊಟ್ಟದ್ದು ಯಾವುದು ಎಂದು ದೇವರಿಗೂ ತಿಳಿಯದು. ಕಣ್ಣು ಹಳದಿಯಾದರೆ, ಮೂತ್ರ ಗಾಢವಾದರೆ, ಕಾರಣವಿಲ್ಲದೆ ತುರಿಕೆಯೋ ಸುಸ್ತೋ ಹತ್ತಿದರೆ ಅಂದೇ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ರಕ್ತ ತೆಳುವಾಗಿಸುವ ಮಾತ್ರೆ, ಫಿಟ್ಸಿನ ಮಾತ್ರೆ, ಹೃದಯದ ಮಾತ್ರೆ ತೆಗೆದುಕೊಳ್ಳುವವರು, ಬಸುರಿಯರು ಮತ್ತು ಆಪರೇಷನ್ನಿಗೆ ದಿನ ಗೊತ್ತಾದವರು ನನ್ನ ಮಾತನ್ನೂ ಕೇಳಬೇಡಿ, ನೇರವಾಗಿ ವೈದ್ಯರನ್ನೇ ಕೇಳಿ.

ವೈದ್ಯರ ಮುಂದೆ ಮೂಲಿಕೆಯ ಮಾತೆತ್ತಲು ಸಂಕೋಚಪಡುವವರೇ ಹೆಚ್ಚು. ಬೈಯುತ್ತಾರೆಂಬ ಅಂಜಿಕೆ. ಆಯುರ್ವೇದದವರ ಹತ್ತಿರ ಇಂಗ್ಲಿಷ್ ಮಾತ್ರೆ ಮುಚ್ಚಿಡುತ್ತಾರೆ, ಇಂಗ್ಲಿಷ್ ಡಾಕ್ಟರರ ಹತ್ತಿರ ಚೂರ್ಣ ಮುಚ್ಚಿಡುತ್ತಾರೆ. ಎರಡೂ ಸೇರುವುದು ಅದೇ ಒಂದು ಹೊಟ್ಟೆಗೆ. ಮುಂದಿನ ಸಲ ಆಸ್ಪತ್ರೆಗೆ ಹೊರಡುವಾಗ ಒಂದು ಚೀಟಿಯಲ್ಲಿ ಎಲ್ಲವನ್ನೂ ಬರೆದುಕೊಳ್ಳಿ: ಮಾತ್ರೆ, ಚೂರ್ಣ, ಕಷಾಯ, ಇಸಬ್‌ಗೋಲು, ಯಾವುದು ಯಾವ ಹೊತ್ತಿಗೆ, ಕಳೆದ ಮೂರು ತಿಂಗಳಲ್ಲಿ ಆಂಟಿಬಯಾಟಿಕ್ ತೆಗೆದುಕೊಂಡಿದ್ದರೆ ಅದೂ, ದಿನದ ಊಟ ಏನೆಂಬುದೂ. ಕೂತ ಕೂಡಲೇ ಆ ಚೀಟಿಯನ್ನು ಡಾಕ್ಟರರ ಕೈಗೆ ಕೊಡಿ.